ಎಫ್ ನಾಲ್ಕು, ಎಂಟರ್, ಎಂಟರ್

ಈ ಸಭೆಯನ್ನು ನಡೆಸಿಕೊಡುತ್ತಿರುವ ಅಧ್ಯಕ್ಷರೇ, ವೇದಿಕೆಯ ಮೇಲಿರುವ ವೈದ್ಯ ಮಹನೀಯರೇ, ಮುಂದಿನ ಸಾಲಿನಲ್ಲಿ ಕುಳಿತಿರುವ ನಿವೃತ್ತ ಮುಖ್ಯಸ್ಥರೇ, ಪಾಳಿ ಬದಲಾಯಿಸಿಕೊಂಡು ಬಂದಿರುವ ದಾದಿಯರೇ, ದಾಖಲೆ ವಿಭಾಗದ ನನ್ನ ಹಳೆಯ ಒಡನಾಡಿಗಳೇ, ಕುರ್ಚಿ ಸಿಗದೆ ಬಾಗಿಲ ಬಳಿ ನಿಂತೇ ಇರುವ ಸಭಿಕರೇ,

ಡಾಕ್ಟರಮ್ಮ ನನ್ನ ಪರಿಚಯ ಮಾಡಿಕೊಡುತ್ತಿದ್ದಾಗ ನಾನು ಎರಡು ಸಲ ಪಕ್ಕಕ್ಕೆ ತಿರುಗಿ ನೋಡಿದೆ, ಇಷ್ಟೆಲ್ಲ ಸಾಧಿಸಿದ ಮಹಾತಾಯಿ ಯಾರು, ಎಲ್ಲಿ ಕೂತಿದ್ದಾಳೆ ಎಂದು. ಹತ್ತು ನಿಮಿಷ ಮಾತನಾಡಿ ಎಂದು ಕಾರ್ಯದರ್ಶಿಗಳು ಹೇಳಿದ್ದಾರೆ. ನಮ್ಮ ಕಸುಬಿನವರ ಹತ್ತು ನಿಮಿಷ ಎಂಥದ್ದೆಂದು ನಿಮಗೆ ಗೊತ್ತು. ಪರದೆಯ ಮೇಲೆ ‘ಇನ್ನು ಎರಡು ನಿಮಿಷ’ ಎಂದು ತೋರಿಸುತ್ತದೆ. ನೀವು ಊಟ ಮುಗಿಸಿ ಕೈ ತೊಳೆದುಕೊಂಡು ಬಂದರೂ ಅಲ್ಲಿ ಇನ್ನೂ ಎರಡು ನಿಮಿಷವೇ ಇರುತ್ತದೆ. ಆದ್ದರಿಂದ ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ಕ್ಷಮೆ ಕೇಳುವುದೇ ಇವತ್ತಿನ ನನ್ನ ಮುಖ್ಯ ಕೆಲಸವೂ ಹೌದು. ಅದಕ್ಕೆ ಆಮೇಲೆ ಬರುತ್ತೇನೆ.

ಈ ಆಸ್ಪತ್ರೆಯ ದಾಖಲೆಗಳನ್ನು ನೋಡಿಕೊಳ್ಳುವ ಸಾಫ್ಟ್‌ವೇರ್‌ಗೆ ಇಂದಿಗೆ ಇಪ್ಪತ್ತೈದು ವರ್ಷ. ಇಲ್ಲಿ ಹುಟ್ಟಿದ್ದು ಈಗ ಅರವತ್ತಕ್ಕೂ ಹೆಚ್ಚು ಆಸ್ಪತ್ರೆಗಳಲ್ಲಿ ಕೆಲಸ ಮಾಡುತ್ತಿದೆ. ನೀವು ನನಗೆ ಕೊಟ್ಟ ಫಲಕದ ಮೇಲೆ ‘ಯಾರು ಬೇಕಾದರೂ ಒಂದೇ ಗಂಟೆಯಲ್ಲಿ ಕಲಿಯಬಹುದಾದ ತಂತ್ರಾಂಶವನ್ನು ರೂಪಿಸಿದವರು’ ಎಂದು ಕೆತ್ತಿಸಿದ್ದೀರಿ. ಅದು ಸುಳ್ಳಲ್ಲ. ನಾನು ಬೇಕೆಂದೇ ಹಾಗೆ ರೂಪಿಸಿದೆ. ಯಾಕೆ ಬೇಕೆಂದೇ ಎಂದರೆ, ಅದಕ್ಕೆ ಕಾರಣ ನನ್ನ ತಂಗಿ.

ನನ್ನ ತಂಗಿ ಹತ್ತೊಂಬತ್ತನೇ ವಯಸ್ಸಿಗೆ ಟಿಕೆಟ್ ಕಾಯ್ದಿರಿಸುವ ಕಚೇರಿಯೊಂದರಲ್ಲಿ ಕೆಲಸಕ್ಕೆ ಸೇರಿದಳು. ಆ ಕಾಲದ ಪರದೆ ನಿಮಗೆ ನೆನಪಿರಬಹುದು. ಕಪ್ಪು ಹಲಗೆಯ ಮೇಲೆ ಹಸಿರು ಅಕ್ಷರ, ಎಲ್ಲಿ ಏನು ಒತ್ತಬೇಕೆಂದು ಒಂದು ಸುಳಿವೂ ಇಲ್ಲ. ಗೊತ್ತಿದ್ದವರಿಗೆ ಅದು ಸ್ವರ್ಗ, ಗೊತ್ತಿಲ್ಲದವರಿಗೆ ಗೋಡೆ. ಒಂಬತ್ತನೇ ದಿನ ಅವಳು ಯಾವುದೋ ಕೀ ಒತ್ತಿ ಅರ್ಧ ತುಂಬಿಸಿದ ಪಟ್ಟಿಯೊಂದನ್ನು ಅಳಿಸಿಹಾಕಿದಳು. ಸಾಲಿನಲ್ಲಿದ್ದವರು ಕೂಗಾಡಿದರು, ಪಕ್ಕದ ಮೇಜಿನವರು ನಕ್ಕರು. ಮನೆಗೆ ಬಂದು ಚಪ್ಪಲಿಯನ್ನೂ ಬಿಡದೆ ಬಾಗಿಲಲ್ಲೇ ಕೂತಳು. “ಅಕ್ಕಾ, ನಾನು ದಡ್ಡಿ ಅಂತ ಆ ಮಷಿನ್ನಿಗೂ ಗೊತ್ತಾಗ್ಬಿಟ್ಟಿದೆ,” ಅಂದಳು. ಹತ್ತನೇ ದಿನ ಹೋಗಲಿಲ್ಲ. ನಾನು ಆಗ ಈ ವಿದ್ಯೆಯನ್ನೇ ಓದುತ್ತಿದ್ದೆ. ನಾನು ಮಾಡುವ ಯಾವ ಯಂತ್ರವೂ ಮೊದಲ ದಿನ ಬಂದವರನ್ನು ಅಳಿಸಕೂಡದು ಎಂದು ಅವತ್ತು ನಿಶ್ಚಯಿಸಿದೆ. ಒಳ್ಳೆಯ ನಿಶ್ಚಯವೇ. ಅಲ್ಲವೇ?

ಈಗ ಇನ್ನೊಬ್ಬರ ವಿಷಯ. ಇಲ್ಲಿ ಹದಿನೈದು ವರ್ಷಕ್ಕಿಂತ ಹಿಂದೆ ಸೇರಿದವರೆಲ್ಲರಿಗೂ ಒಂದನೇ ಕಿಟಕಿಯ ಮೇಷ್ಟ್ರು ಗೊತ್ತು. ಅವರು ಪಾಠ ಹೇಳುವ ಮೇಷ್ಟ್ರಲ್ಲ, ದಾಖಲೆ ವಿಭಾಗದ ಗುಮಾಸ್ತರು. ಯಾರೇ ಹೊಸದಾಗಿ ಬರಲಿ, ಡಾಕ್ಟರೇ ಆಗಲಿ, ಫೈಲು ಹೇಗೆ ಹಿಡಿಯಬೇಕು ಎನ್ನುವುದರಿಂದ ಶುರು ಮಾಡಿ ಪಾಠ ಹೇಳುತ್ತಿದ್ದರು, ಅದಕ್ಕೇ ಆ ಹೆಸರು. ಇಪ್ಪತ್ತೈದು ವರ್ಷದ ಹಿಂದೆ ನಾನು ಇಲ್ಲಿಗೆ ಬಂದಾಗ ನನಗಿನ್ನೂ ಇಪ್ಪತ್ನಾಲ್ಕು. ಕಂಪ್ಯೂಟರ್ ಗೊತ್ತಿತ್ತು, ಆಸ್ಪತ್ರೆ ಗೊತ್ತಿರಲಿಲ್ಲ. ಮೇಷ್ಟ್ರು ಒಂದು ಸ್ಟೂಲು ಎಳೆದು, “ಕೂತ್ಕೋಮ್ಮ. ಒಂದು ವಾರ ಏನೂ ಮಾಡ್ಬೇಡ, ಸುಮ್ನೆ ನೋಡು,” ಅಂದರು. ಒಂದು ವಾರ ನೋಡಿದೆ. ಮೊದಲ ಆವೃತ್ತಿಯನ್ನು ಬರೆದದ್ದು ನಾನೇ ಆದರೂ ಅದನ್ನು ರೂಪಿಸಿದ್ದು ಅವರು. ಯಾವ ಕೆಲಸಕ್ಕೆ ಯಾವ ಕೀ, ಯಾವ ಬೆರಳು ಎಲ್ಲಿಗೆ ಸುಲಭವಾಗಿ ಹೋಗುತ್ತದೆ, ಎಲ್ಲವನ್ನೂ ಹಳೆಯ ರಟ್ಟೊಂದರ ಮೇಲೆ ಪೆನ್ಸಿಲ್ಲಿನಲ್ಲಿ ಬರೆದುಕೊಟ್ಟರು. ಹಳೆಯ ರೋಗಿಯ ಫೈಲಿಗೆ ಇವತ್ತಿನ ಹೊಸ ಪುಟ ತೆರೆಯಬೇಕೇ? ಎಫ್ ನಾಲ್ಕು, ಎಂಟರ್, ಎಂಟರ್. ಮುಗಿಯಿತು.

ಅವರು ಕೆಲಸ ಮಾಡುವುದನ್ನು ನೀವು ನೋಡಬೇಕಿತ್ತು. ಪರದೆಯನ್ನು ನೋಡುತ್ತಲೇ ಇರಲಿಲ್ಲ. ಬೆರಳು ತನ್ನ ಪಾಡಿಗೆ ಓಡುತ್ತಿತ್ತು, ಕಣ್ಣು ಕಿಟಕಿಯ ಆಚೆಗಿನ ಮುಖದ ಮೇಲಿರುತ್ತಿತ್ತು. ಒಮ್ಮೆ ಕೇಳಿಯೂ ಬಿಟ್ಟೆ, “ಮೇಷ್ಟ್ರೇ, ಒಂದ್ಸಲನಾದ್ರೂ ಸ್ಕ್ರೀನ್ ನೋಡಬಾರದಾ? ಅಷ್ಟು ಕಷ್ಟಪಟ್ಟು ಮಾಡಿದೀನಿ.” ಅವರು ನಕ್ಕರು. “ಅದು ಎಲ್ಲಿಗೂ ಹೋಗಲ್ಲಮ್ಮ, ಇಲ್ಲೇ ಇರುತ್ತೆ. ಈ ಮುಖ ಒಂದು ನಿಮಿಷಕ್ಕೆ ಹೊರಟುಹೋಗುತ್ತೆ.” ಅದೇ ವಾರ ಒಬ್ಬ ಹೆಂಗಸು ಬಂದು ಸಣ್ಣ ದನಿಯಲ್ಲಿ, ಹೊಟ್ಟೆನೋವು, ಸಾಮಾನ್ಯ ವಿಭಾಗಕ್ಕೆ ಚೀಟಿ ಕೊಡಿ ಎಂದರು. ಮೇಷ್ಟ್ರು ಚೀಟಿ ಬರೆಯಲೇ ಇಲ್ಲ. ಆಕೆಯ ತುಟಿಯ ಬಣ್ಣ ನೋಡಿ ಎದ್ದು ನಿಂತು, ತಳ್ಳುಗಾಡಿ ತರಿಸಿ ನೇರ ತುರ್ತು ವಿಭಾಗಕ್ಕೆ ಕಳಿಸಿದರು. ಆ ಹೆಂಗಸು ಬದುಕಿದರು. ಅಂದು ಕರ್ತವ್ಯದಲ್ಲಿದ್ದ ಡಾಕ್ಟರು ಈ ವೇದಿಕೆಯ ಮೇಲೇ ಇದ್ದಾರೆ, ತಲೆ ಆಡಿಸುತ್ತಿದ್ದಾರೆ.

ಎಂಟು ವರ್ಷ ಹೀಗೇ ನಡೆಯಿತು. ಆಸ್ಪತ್ರೆ ಬೆಳೆಯಿತು, ಕಿಟಕಿಗಳು ಎರಡಿದ್ದದ್ದು ಹನ್ನೊಂದಾದವು, ಹೊಸ ಹುಡುಗಿಯರು ಬಂದರು. ಅವರಲ್ಲೊಬ್ಬಳು ಮೂರನೇ ದಿನ ಮೆಟ್ಟಿಲ ಕೆಳಗೆ ಕೂತು ಅಳುತ್ತಿದ್ದುದನ್ನು ನಾನು ಕಂಡೆ. ಹೆಚ್ಚಿಗೆ ಹೇಳಬೇಕಿಲ್ಲ, ನನಗೆ ಅವಳಲ್ಲಿ ಯಾರು ಕಂಡರೆಂದು ನಿಮಗೆ ಗೊತ್ತು. ಒಂದೂವರೆ ವರ್ಷ ಕೂತು ಹೊಸ ಆವೃತ್ತಿ ಬರೆದೆವು. ದೊಡ್ಡ ಗುಂಡಿಗಳು, ಚಿತ್ರಗಳು, ಹೆಜ್ಜೆಹೆಜ್ಜೆಗೂ ‘ಈಗ ಇದನ್ನು ಮಾಡಿ’ ಎಂಬ ಸೂಚನೆ. ಒಂದು ಹೆಸರು ಹಾಕಿದರೆ ಅದೇ ಹೆಸರಿನ ಬೇರೆ ಫೈಲುಗಳನ್ನು ತಾನೇ ಹುಡುಕಿ, ‘ಇವರಿಬ್ಬರೂ ಒಬ್ಬರೇ ಇರಬಹುದು, ಎರಡೂ ಫೈಲನ್ನು ಸೇರಿಸಲೇ?’ ಎಂದು ಕೇಳುತ್ತಿತ್ತು. ಹೊಸಬರು ಒಬ್ಬರಿಗೇ ಎರಡೆರಡು ಫೈಲು ತೆರೆಯುತ್ತಿದ್ದರಲ್ಲ, ಅದನ್ನು ತಪ್ಪಿಸಲಿಕ್ಕೆ. ‘ಹೌದು’ ಎನ್ನುವುದು ಮೊದಲೇ ಆಯ್ಕೆಯಾಗಿರುತ್ತಿತ್ತು. ಇದನ್ನು ನಮ್ಮ ಕಡೆ ಡಿಫಾಲ್ಟ್ ಅನ್ನುತ್ತೇವೆ. ಅಂದರೆ, ನೀವು ಏನನ್ನೂ ಆರಿಸದಿದ್ದಾಗ ನಿಮ್ಮ ಪರವಾಗಿ ನಾವು ಆರಿಸಿಟ್ಟದ್ದು. ನಿಮ್ಮನ್ನು ಕಾಣದೆಯೇ ಆರಿಸಿಟ್ಟದ್ದು.

ಮೆಟ್ಟಿಲ ಕೆಳಗೆ ಅತ್ತ ಹುಡುಗಿ ಹೊಸ ಆವೃತ್ತಿಯನ್ನು ನಲವತ್ತು ನಿಮಿಷದಲ್ಲಿ ಕಲಿತಳು. ಎಲ್ಲರೂ ಚಪ್ಪಾಳೆ ತಟ್ಟಿದರು. ಮೇಷ್ಟ್ರು ಮಾತ್ರ ಮರುದಿನ ನನ್ನ ಕೋಣೆಗೆ ಬಂದು ಬಾಗಿಲ ಹತ್ತಿರವೇ ನಿಂತರು.

“ಚೆನ್ನಾಗಿದೆಯಮ್ಮ. ಮಕ್ಕಳಿಗೆ ಅನುಕೂಲ ಆಯ್ತು. ಆದ್ರೆ ನನ್ನ ಹಳೇ ಕೀಗಳನ್ನೂ ಇರೋಕೆ ಬಿಡು. ಹೊಸದು ತೆಗೀ ಅಂತ ಹೇಳ್ತಿಲ್ಲ. ನನ್ನ ದಾರಿಗೆ ಬೇಲಿ ಹಾಕ್ಬೇಡ, ಅಷ್ಟೆ.”

“ಒಂದು ತಿಂಗಳು ನೋಡಿ ಮೇಷ್ಟ್ರೇ, ಅಭ್ಯಾಸ ಆಗುತ್ತೆ,” ಅಂದೆ.

“ಅಭ್ಯಾಸ ಆಗುತ್ತೆ. ಆದ್ರೆ ಸ್ಕ್ರೀನ್ ನೋಡೋ ಅಭ್ಯಾಸ ಆಗುತ್ತೆ.”

ನನಗೆ ಸಿಟ್ಟು ಬಂತು. ವಯಸ್ಸಾದವರ ಹಟ ಎಂದುಕೊಂಡೆ. ನನಗೆ ಕೆಲಸ ಕಲಿಸಿದ ಮನುಷ್ಯನ ಬಗ್ಗೆ ಹಾಗೆ ಅಂದುಕೊಂಡೆ ಎಂದು ಈ ಮೈಕಿನ ಮುಂದೆ ಹೇಳಲಿಕ್ಕೆ ಎಷ್ಟು ನಾಚಿಕೆಯಾಗುತ್ತಿದೆ ಎಂದರೆ, ನಿಮಗೆ ಹೇಗೆ ತಿಳಿಸಲಿ? ಆದರೂ ಅವರ ಮುಖ ನೋಡಿ ಒಂದು ಕೆಲಸ ಮಾಡಿದೆ. ಸೆಟ್ಟಿಂಗ್ ಒಳಗೆ, ಅದರ ಒಳಗಿನ ಇನ್ನೊಂದು ಪುಟದಲ್ಲಿ, ಎಲ್ಲಕ್ಕಿಂತ ಕೆಳಗೆ ‘ಹಳೆಯ ಕೀಗಳು’ ಎಂದು ಒಂದು ಸಣ್ಣ ಚೌಕ ಇಟ್ಟೆ. ಅದರಲ್ಲಿ ಗುರುತು ಹಾಕಿಕೊಂಡರೆ ಅವರ ಕೀಗಳು ವಾಪಸು ಬರುತ್ತಿದ್ದವು. ಮೇಷ್ಟ್ರು ಮಗುವಿನಂತೆ ಖುಷಿಪಟ್ಟರು.

ಆದರೆ ಅದರಲ್ಲಿ ಒಂದು ತೊಡಕಿತ್ತು. ನಾವು ಹೊಸ ತಿದ್ದುಪಡಿ ಕಳಿಸಿದಾಗಲೆಲ್ಲ ಆ ಗುರುತು ಅಳಿಸಿಹೋಗುತ್ತಿತ್ತು. ಯಂತ್ರ ಮತ್ತೆ ಹೊಸಬರ ಕ್ರಮಕ್ಕೆ ಹಿಂದಿರುಗುತ್ತಿತ್ತು. ಮೊದಲ ಸಲ ಆದಾಗ ಮೇಷ್ಟ್ರು ಫೋನ್ ಮಾಡಿದರು. ಎರಡನೇ ಸಲ ಚೀಟಿ ಕಳಿಸಿದರು. ಮೂರನೇ ಸಲದಿಂದ ತಾವೇ ಸರಿ ಮಾಡಿಕೊಳ್ಳತೊಡಗಿದರು. ನಮ್ಮಲ್ಲಿ ಆಗಬೇಕಾದ ಕೆಲಸಗಳ ಪಟ್ಟಿಯೊಂದಿರುತ್ತದೆ. ಅದರಲ್ಲಿ ನಾನೇ ನನ್ನ ಕೈಯಾರೆ ಬರೆದೆ: ‘ತಿದ್ದುಪಡಿಯ ನಂತರ ಹಳೆಯ ಕೀಗಳ ಆಯ್ಕೆ ಅಳಿಸಿಹೋಗುತ್ತಿದೆ. ತೊಂದರೆಗೊಳಗಾದವರು: ಒಬ್ಬರು.’ ಹಾಗೆ ಬರೆದು ಪಟ್ಟಿಯ ಕೊನೆಗೆ ಹಾಕಿದೆ. ಅರ್ಧ ದಿನದ ಕೆಲಸ. ಹದಿನಾಲ್ಕು ತಿಂಗಳು ಅದು ಅಲ್ಲೇ ಇತ್ತು. ಪ್ರತಿ ಸೋಮವಾರ ಆ ಪಟ್ಟಿಯನ್ನು ಓದುತ್ತಿದ್ದೆ, ಪ್ರತಿ ಸೋಮವಾರ ಆ ಸಾಲನ್ನು ದಾಟಿ ಹೋಗುತ್ತಿದ್ದೆ.

ಇನ್ನು ಮುಂದಿನದನ್ನು ನಿಮ್ಮಲ್ಲಿ ಕೆಲವರು ಬಲ್ಲಿರಿ. ಬಲ್ಲೆವು ಎಂದುಕೊಂಡಿದ್ದೀರಿ.

ಹದಿನಾಲ್ಕು ವರ್ಷದ ಹಿಂದೆ, ಒಂದು ಮಂಗಳವಾರ ಬೆಳಿಗ್ಗೆ, ಒಂದನೇ ಕಿಟಕಿಗೆ ಒಬ್ಬ ತಾಯಿ ಬಂದರು. ಹಳೆಯ ರೋಗಿ. ಅವರಿಗೆ ಒಂದು ಬಗೆಯ ಇಂಜೆಕ್ಷನ್ ಆಗುವುದಿಲ್ಲ, ಅದು ಅವರ ಫೈಲಿನಲ್ಲಿ ಸ್ಪಷ್ಟವಾಗಿ ದಾಖಲಾಗಿತ್ತು. ಮೇಷ್ಟ್ರು ಅವರ ಮುಖ ನೋಡುತ್ತಾ, ಮೊಮ್ಮಗು ಹೇಗಿದೆ ಎಂದು ವಿಚಾರಿಸುತ್ತಾ, ಎಫ್ ನಾಲ್ಕು, ಎಂಟರ್, ಎಂಟರ್ ಒತ್ತಿದರು. ಅವತ್ತು ಆ ಕೀಗಳು ಹೊಸ ಪುಟ ತೆರೆಯಲಿಲ್ಲ. ಎಫ್ ನಾಲ್ಕು ಅದೇ ಹೆಸರಿನವರನ್ನು ಹುಡುಕಿತು. ಮೊದಲನೇ ಎಂಟರ್ ಪಟ್ಟಿಯ ಮೊದಲ ಹೆಸರನ್ನು ಆರಿಸಿತು. ಎರಡನೇ ಎಂಟರ್, ಮೊದಲೇ ಆಯ್ಕೆಯಾಗಿದ್ದ ‘ಹೌದು’ವನ್ನು ಒತ್ತಿ, ಇಬ್ಬರು ಹೆಂಗಸರ ಫೈಲನ್ನು ಒಂದು ಮಾಡಿತು. ಇನ್ನೊಬ್ಬಾಕೆಗೆ ಯಾವ ಔಷಧಿಯ ತೊಂದರೆಯೂ ಇರಲಿಲ್ಲ. ಅವರ ದಾಖಲೆ ಇತ್ತೀಚಿನದು, ಹಾಗಾಗಿ ಯಂತ್ರ ಅದನ್ನೇ ಮೇಲೆ ತೋರಿಸಿತು. ಅರ್ಧ ಗಂಟೆಯ ನಂತರ ಆ ತಾಯಿಗೆ ಕೊಡಬಾರದ ಇಂಜೆಕ್ಷನ್ ಕೊಟ್ಟರು. ಕೊಟ್ಟ ದಾದಿಯದ್ದೂ ತಪ್ಪಿಲ್ಲ, ಪರದೆ ಹೇಳಿದ್ದನ್ನು ನಂಬಿದರು. ಮೂರು ದಿನ ತೀವ್ರ ನಿಗಾ ಘಟಕದಲ್ಲಿದ್ದರು ಆ ತಾಯಿ. ಉಳಿದರು.

ವಿಚಾರಣೆ ನಡೆಯಿತು. ಗುರುವಾರ, ಮೊದಲನೇ ಮಹಡಿಯ ಉದ್ದ ಮೇಜಿನ ಕೋಣೆಯಲ್ಲಿ. ಮೇಷ್ಟ್ರು ಬಿಳಿ ಅಂಗಿಯ ಮೇಲಿನ ಗುಂಡಿಯವರೆಗೂ ಹಾಕಿಕೊಂಡು ಬಂದಿದ್ದರು. “ಅವತ್ತು ಬೆಳಿಗ್ಗೆ ಕೀ ಬದಲಾಗಿತ್ತು ಸಾರ್. ನನ್ನದು ಹಳೇ ಕ್ರಮ. ಅದು ನನಗೆ ಹೇಳದೆ ಬದಲಾಗಿತ್ತು,” ಎಂದರು. ಮುಖ್ಯಸ್ಥರು ನನ್ನ ಕಡೆ ತಿರುಗಿದರು. ಸಾರ್, ನೀವು ಮುಂದಿನ ಸಾಲಿನಲ್ಲಿದ್ದೀರಿ. ನೀವು ಕೇಳಿದ ಪ್ರಶ್ನೆ ನ್ಯಾಯವಾದದ್ದೇ. “ಸಾಫ್ಟ್‌ವೇರಿನಲ್ಲಿ ದೋಷ ಇದೆಯೇನಮ್ಮಾ?” ಎಂದು ಕೇಳಿದಿರಿ.

ನಾನು ಹೇಳಿದ ಉತ್ತರ ಅಕ್ಷರ ಅಕ್ಷರವಾಗಿ ನೆನಪಿದೆ. “ಇಲ್ಲ ಸಾರ್. ಅದು ಹೇಗೆ ಕೆಲಸ ಮಾಡಬೇಕೋ ಹಾಗೇ ಮಾಡಿದೆ. ಸೇರಿಸಲೇ ಎಂದು ದೊಡ್ಡ ಅಕ್ಷರದಲ್ಲಿ ಕೇಳಿದೆ. ಅವರು ಪರದೆ ನೋಡಲಿಲ್ಲ.”

ಮೇಷ್ಟ್ರು ನನ್ನ ಕಡೆ ನೋಡಿದರು. ಸಿಟ್ಟಿನಿಂದಲ್ಲ. ಕಿಟಕಿಯ ಆಚೆಗಿನವರನ್ನು ನೋಡುತ್ತಿದ್ದರಲ್ಲ, ಹಾಗೆ. ಇವಳಿಗೆ ಏನಾಗಿದೆ ಎಂದು ತಿಳಿದುಕೊಳ್ಳಲು ನೋಡುವಂತೆ.

ಹೇಳುವ ಮುಂಚೆ ನಾನು ಯಂತ್ರದ ದಿನಚರಿಯನ್ನು ತೆಗೆದು ನೋಡಬಹುದಿತ್ತು. ಯಾವ ಗಳಿಗೆಯಲ್ಲಿ ಏನು ಬದಲಾಯಿತೆಂಬುದು ಅದರಲ್ಲಿ ಇರುತ್ತದೆ. ನೋಡಲು ಐದು ನಿಮಿಷ ಸಾಕು. ಯಾಕೆ ನೋಡಲಿಲ್ಲ? ಮರೆತೆನೇ? ಪುರುಸೊತ್ತಿರಲಿಲ್ಲವೇ? ಇಲ್ಲ. ನೋಡಿದರೆ ಏನು ಕಾಣುತ್ತದೆಂದು ನನಗೆ ಅಂದಾಜಿತ್ತು, ಅದಕ್ಕೇ ನೋಡಲಿಲ್ಲ. ಮರುವಾರ ಮೂರು ಆಸ್ಪತ್ರೆಯವರು ನಮ್ಮ ಸಾಫ್ಟ್‌ವೇರ್ ನೋಡಲು ಬರುವವರಿದ್ದರು. ಸೋಮವಾರ, ವಿಚಾರಣೆಯೆಲ್ಲ ಮುಗಿದ ಮೇಲೆ, ನೋಡಿದೆ. ಮಂಗಳವಾರ ಬೆಳಿಗ್ಗೆ ಆರು ಗಂಟೆ ಹತ್ತು ನಿಮಿಷಕ್ಕೆ ನಮ್ಮ ತಿದ್ದುಪಡಿ ಬಂದಿತ್ತು. ಒಂದನೇ ಕಿಟಕಿಯ ಯಂತ್ರದಲ್ಲಿ ‘ಹಳೆಯ ಕೀಗಳು’ ಅಳಿಸಿಹೋಗಿತ್ತು. ಮೇಷ್ಟ್ರು ಎಂಟಕ್ಕೆ ಬಂದು ಕೂತಿದ್ದರು.

ಆ ಹಾಳೆಯನ್ನು ಮುದ್ರಿಸಿಕೊಂಡೆ, ಮಡಚಿ ಇಟ್ಟುಕೊಂಡೆ. ಆ ಅರ್ಧ ದಿನದ ಕೆಲಸವನ್ನು ಅವತ್ತೇ ಮಾಡಿ ಮುಗಿಸಿದೆ. ‘ಹೌದು’ ಎಂಬುದನ್ನು ತೆಗೆದು, ಏನೂ ಆಯ್ಕೆಯಾಗದಂತೆ ಮಾಡಿದೆ. ಎಲ್ಲರಿಗೂ ಕಳಿಸುವ ಟಿಪ್ಪಣಿಯಲ್ಲಿ ಏನು ಬದಲಾಗಿದೆ ಎಂದು ಬರೆಯಬೇಕಾಗುತ್ತದೆ. ಬರೆದೆ: ‘ಸಣ್ಣಪುಟ್ಟ ಸುಧಾರಣೆಗಳು.’

ಮೇಷ್ಟ್ರ ಸೇವಾ ಕಡತದಲ್ಲಿ ‘ಕರ್ತವ್ಯದಲ್ಲಿ ಅಜಾಗರೂಕತೆ’ ಎಂದು ದಾಖಲಾಯಿತು. ಅವರನ್ನು ಕಿಟಕಿಯಿಂದ ಎಬ್ಬಿಸಿ ನೆಲಮಾಳಿಗೆಯ ಹಳೇ ಫೈಲುಗಳ ಕೋಣೆಗೆ ಹಾಕಿದರು. ಅಲ್ಲಿ ಯಾರ ಮುಖವೂ ಇರಲಿಲ್ಲ. ನಿವೃತ್ತಿಯಾಗುವವರೆಗೆ ಮೂರು ವರ್ಷ ಅಲ್ಲಿದ್ದರು. ನಾನು ಆ ಮೂರು ವರ್ಷವೂ ಎಡಗಡೆಯ ಮೆಟ್ಟಿಲು ಬಿಟ್ಟು ಬಲಗಡೆಯದ್ದನ್ನು ಬಳಸಿದೆ, ಎಡಗಡೆಯದು ನೆಲಮಾಳಿಗೆಯ ಬಾಗಿಲ ಮುಂದೆ ಹಾದುಹೋಗುತ್ತದೆ ಎಂಬ ಕಾರಣಕ್ಕೆ. ಅವರ ಬೀಳ್ಕೊಡುಗೆಗೂ ಹೋಗಲಿಲ್ಲ. ಅವತ್ತು ಜ್ವರ ಎಂದು ಹೇಳಿ ಕಳಿಸಿದ್ದೆ. ಜ್ವರ ಇರಲಿಲ್ಲ.

ಇದನ್ನೆಲ್ಲ ಹೊಟ್ಟೆಯಲ್ಲಿಟ್ಟುಕೊಂಡು ನಾನು ವೇದಿಕೆ ವೇದಿಕೆಗಳಲ್ಲಿ ಹೊಸಬರ ಪರವಾಗಿ ಭಾಷಣ ಮಾಡಿದೆ. ತಂಗಿಯ ಕಥೆಯನ್ನು ಎಲ್ಲ ಕಡೆ ಹೇಳಿದೆ, ಇಂದೂ ಹೇಳಿದೆನಲ್ಲ. ಒಮ್ಮೆ ಅಂಥದ್ದೊಂದು ಭಾಷಣಕ್ಕೆ ಅವಳೂ ಬಂದಿದ್ದಳು. ಅವಳೀಗ ಹೊಲಿಗೆ ಕೆಲಸದಲ್ಲಿ ಹೆಸರು ಮಾಡಿದವಳು, ನಾಲ್ಕು ಜನರಿಗೆ ಕಲಿಸುತ್ತಾಳೆ. ವಾಪಸು ನನ್ನ ಕಾರಿನಲ್ಲೇ ಬಂದಳು. ಮನೆ ಹತ್ತಿರ ಬಂದಾಗ ಅಂದಳು, “ಅಕ್ಕಾ, ನಾನು ಆ ಮಷಿನ್ ಮುಂದೆ ಕೂತಿದ್ದು ಒಂಬತ್ತು ದಿನ. ನೀನು ನನ್ನನ್ನ ಇಪ್ಪತ್ತು ವರ್ಷದಿಂದ ಅಲ್ಲೇ ಕೂರಿಸಿದೀಯ. ನನ್ನ ಹತ್ರ ಕಲಿಯೋಕೆ ಬಂದವರಿಗೆ ಮೊದಲ ತಿಂಗಳು ಬಟ್ಟೆ ಮೇಲೆ ಗೆರೆ ಎಳೆದು ಕೊಡ್ತೀನಿ. ಆಮೇಲೂ ಎಳೆದ್ರೆ ಅವರಿಗೆ ಅವಮಾನ ಆಗುತ್ತೆ. ಯಾರೂ ಹೊಸಬರಾಗೇ ಇರಲ್ಲ ಕಣೇ.”

ಅವಳಿಗೆ ಮೇಷ್ಟ್ರ ವಿಷಯ ಗೊತ್ತೇ ಇರಲಿಲ್ಲ. ನಾನು ಹೇಳಿರಲಿಲ್ಲ. ಅವತ್ತು ಕಾರಿನಲ್ಲೇ ಕೂತು ಹೇಳಿದೆ. ಅವಳು ಕೇಳಿದ್ದು ಒಂದೇ ಪ್ರಶ್ನೆ, “ಅವರು ಇದಾರಾ ಈಗ?”

ಇದ್ದರು. ಮೂರು ವರ್ಷದ ಹಿಂದೆ ಅವರ ಮನೆಗೆ ಹೋದೆ. ಎರಡು ಕೋಣೆಯ ಮನೆ, ಮೂರನೇ ಮಹಡಿ, ಮಗಳೊಂದಿಗೆ ಇದ್ದರು. ಬಾಗಿಲು ತೆಗೆದವರು, “ಬಾಮ್ಮ, ಎಷ್ಟು ಸಣ್ಣ ಆಗಿದೀಯ,” ಅಂದರು. ಮಗಳು ಕಾಫಿ ತಂದಳು. ಮಡಚಿಟ್ಟುಕೊಂಡಿದ್ದ ಹಾಳೆಯನ್ನು ಅವರ ಕೈಗೆ ಕೊಟ್ಟು ಎಲ್ಲವನ್ನೂ ಹೇಳಿದೆ. ಅತ್ತುಬಿಟ್ಟೆ. ಅವರು ಕನ್ನಡಕ ಹಾಕಿಕೊಂಡು ಹಾಳೆಯನ್ನು ಮೇಲಿಂದ ಕೆಳಗೆ ಓದಿ, ಹಾಗೇ ಮಡಚಿ ನನಗೇ ವಾಪಸು ಕೊಟ್ಟರು.

“ಕೀ ಬದಲಾಗಿತ್ತು ಅಂತ ನನಗೆ ಅವತ್ತೇ ಗೊತ್ತಿತ್ತಲ್ಲಮ್ಮ. ನಾನೇ ಹೇಳಿದ್ನಲ್ಲ. ನನಗೆ ಗೊತ್ತಿರೋದನ್ನ ನನಗೇ ಹೇಳಿದ್ರೆ ಏನು ಬಂತು?”

“ಏನು ಮಾಡ್ಲಿ ಮೇಷ್ಟ್ರೇ, ಹೇಳಿ. ಏನು ಹೇಳಿದ್ರೂ ಮಾಡ್ತೀನಿ.”

ಅವರು ಕನ್ನಡಕ ತೆಗೆದು ಪಕ್ಕಕ್ಕಿಟ್ಟರು. ಆಮೇಲೆ, “ನಾನು ಮೂವತ್ತು ವರ್ಷ ದಾಖಲೆ ಕಾದವನು. ನನ್ನ ದಾಖಲೆನೇ ತಪ್ಪಾಗಿ ಉಳೀತು. ನನ್ನ ಫೈಲಲ್ಲಿ ಅವರು ಬರೆದಿದ್ದನ್ನ ಹರೀಬೇಡಿ, ಹಾಗೇ ಇರ್ಲಿ. ಅದರ ಕೆಳಗೆ ನಿಂದೊಂದು ಹಾಳೆ ಸೇರ್ಸು. ಅಷ್ಟು ಸಾಕು,” ಅಂದರು. ಬರುವಾಗ ಮೆಟ್ಟಿಲವರೆಗೆ ಬಂದು, “ಆ ಅಮ್ಮ ಚೆನ್ನಾಗಿದಾರಾ? ಅವರ ಮೊಮ್ಮಗು?” ಎಂದು ಕೇಳಿದರು. ಹನ್ನೊಂದು ವರ್ಷದಲ್ಲಿ ಒಮ್ಮೆಯೂ ನಾನು ವಿಚಾರಿಸಿರಲಿಲ್ಲ.

ಮಾಡುತ್ತೇನೆ ಎಂದು ಮಾತು ಕೊಟ್ಟು ಬಂದೆ. ಮರುದಿನವೇ ಮಾಡುವವಳಿದ್ದೆ. ಆಗ ಒಂದೇ ಸಲಕ್ಕೆ ಇಪ್ಪತ್ತು ಆಸ್ಪತ್ರೆಗಳ ಮಾತುಕತೆ ನಡೆಯುತ್ತಿತ್ತು. ಅದು ಮುಗಿಯಲಿ ಎಂದುಕೊಂಡೆ. ಮುಗಿಯಿತು. ಆಮೇಲೆ ವಕೀಲರನ್ನು ಒಂದು ಮಾತು ಕೇಳೋಣ ಎಂದುಕೊಂಡೆ. ಕೇಳಿದೆ, ಬೇಡ ಎಂದರು. ಹೀಗೆ ಎರಡು ವರ್ಷ ಕಳೆಯಿತು. ಅವರ ಕೆಲಸ ಮತ್ತೆ ನನ್ನ ಪಟ್ಟಿಯ ಕೊನೆಯಲ್ಲಿತ್ತು, ಸಭಿಕರೇ. ತೊಂದರೆಗೊಳಗಾದವರು ಒಬ್ಬರು. ಕಳೆದ ವರ್ಷ ಮಗಳು ಫೋನ್ ಮಾಡಿದಳು. “ಅಪ್ಪ ಹೋದ್ರು ಅಕ್ಕಾ, ನಿಮಗೆ ತಿಳಿಸ್ಬೇಕು ಅನ್ನಿಸ್ತು,” ಅಂದಳು. ಅವಳ ಧ್ವನಿಯಲ್ಲಿ ಆಪಾದನೆ ಇರಲಿಲ್ಲ. ಇದ್ದಿದ್ದರೆ ಒಳ್ಳೆಯದಿತ್ತು.

ಅಧ್ಯಕ್ಷರೇ, ಈ ಫಲಕವನ್ನು ಹಿಂದಿರುಗಿಸುವ ನಾಟಕವನ್ನು ನಾನು ಆಡುವುದಿಲ್ಲ. ಮೆಟ್ಟಿಲ ಕೆಳಗೆ ಅತ್ತ ಆ ಹುಡುಗಿ ಇಂದು ದಾಖಲೆ ವಿಭಾಗದ ಮೇಲ್ವಿಚಾರಕಿ, ಅಲ್ಲಿ ಎಡಗಡೆ ಕೂತಿದ್ದಾಳೆ. ಅವಳಂಥವರಿಗಾಗಿ ನಾವು ಮಾಡಿದ ಕೆಲಸ ಒಳ್ಳೆಯದೇ, ಅದನ್ನು ಅಲ್ಲಗಳೆಯಲಾರೆ. ಹೊಸಬರಿಗೆ ಬಾಗಿಲು ತೆರೆಯುವಾಗ ಹಳಬರು ಓಡಾಡುತ್ತಿದ್ದ ಬಾಗಿಲಿಗೆ ಬೀಗ ಹಾಕಬೇಕಾಗಿರಲಿಲ್ಲ. ಎರಡನ್ನೂ ತೆರೆದಿಡಲು ಬೇಕಾಗಿದ್ದದ್ದು ಅರ್ಧ ದಿನ. ಅಷ್ಟೇ ನನ್ನ ಅಳಲು.

ಆ ತಾಯಿಗೆ ಕಳೆದ ವಾರ ಪತ್ರ ಬರೆದಿದ್ದೇನೆ, ನಡೆದದ್ದೆಲ್ಲವನ್ನೂ ತಿಳಿಸಿದ್ದೇನೆ. ಅವರು ಏನು ಹೇಳುತ್ತಾರೋ ಅದಕ್ಕೆ ತಲೆಬಾಗುತ್ತೇನೆ. ಇನ್ನು ಈ ಲಕೋಟೆ ನಿಮಗೆ. ಇದರಲ್ಲಿ ನನ್ನ ಹೇಳಿಕೆ ಇದೆ, ಯಂತ್ರದ ದಿನಚರಿಯ ಆ ಹಾಳೆ ಇದೆ, ನನ್ನ ಸಹಿ ಇದೆ. ಒಂದನೇ ಕಿಟಕಿಯ ಮೇಷ್ಟ್ರ ಸೇವಾ ಕಡತವನ್ನು ತರಿಸಿ, ಅಲ್ಲಿ ಬರೆದಿರುವುದರ ಕೆಳಗೆ ಇದನ್ನು ಸೇರಿಸಬೇಕೆಂದು ಈ ಸಭೆಯ ಮುಂದೆ ಕೇಳಿಕೊಳ್ಳುತ್ತೇನೆ. ಒಂದು ವಿನಂತಿ. ಇದರ ಮೇಲೆ ಸ್ವೀಕರಿಸಿದ ದಿನಾಂಕದ ಮೊಹರು ಹಾಕುವಾಗ ಇವತ್ತಿನ ದಿನಾಂಕವನ್ನೇ ಹಾಕಿ. ನನ್ನ ಮೇಲಿನ ಗೌರವಕ್ಕೆಂದು ಯಾರೂ ಹಿಂದಿನ ದಿನಾಂಕ ಹಾಕಬೇಡಿ. ನಾನು ಎಷ್ಟು ತಡ ಮಾಡಿದೆ ಎನ್ನುವುದೂ ಆ ಕಡತದಲ್ಲಿ ಇರಲಿ.

ಇಷ್ಟು ಹೊತ್ತು ಎದ್ದು ಹೋಗದೆ ಕೇಳಿದಿರಿ. ನಿಮಗೆಲ್ಲ ಋಣಿಯಾಗಿದ್ದೇನೆ. ನಮಸ್ಕಾರ.